ಧಾರವಾಡದಲ್ಲಿರುವವನು

ಜನವರಿ 9

‘ಧಾರವಾಡ ಏನ್ ದೂರ ಐತೇಳು’ — ಅಮ್ಮ ಅಂದದ್ದು ಹೀಗೇ ಇರಬೇಕು. ಅಥವಾ ‘ಏನ್ ಭಾಳ ದೂರ’. ಸರಿಯಾಗಿ ಕೇಳಿಸಲಿಲ್ಲ. ಫೋನ್ ಬಂದಾಗ ಮೊದಲು ಕಿಟಕಿ ಮುಚ್ಚುತ್ತೇನೆ. ಸಮುದ್ರ ಕೇಳಿಸಬಾರದು.

ವಿಜಯಪುರ ಜಿಲ್ಲೆಯ ಇಂಡಿ ಊರಿನ ನಮ್ಮ ಮನೆಯ ಪಾಲಿಗೆ ನಾನು ಧಾರವಾಡದಲ್ಲಿದ್ದೇನೆ. ಯಾವುದೋ ಟ್ರೇನಿಂಗ್. ಮಾಲ್ದೀವ್ಸ್‌ನ ಈ ದ್ವೀಪ ಗೊತ್ತಿರುವುದು ಹೆಂಡತಿ ಅಖ್ತರಬೇಗಂಗೆ ಮಾತ್ರ, ಉಪಾಯವೂ ಅವಳದೇ. ನಾನು ಕಲಿಸುತ್ತಿದ್ದ ಸಿಂದಗಿಯ ಶಾಲೆ ಮುಚ್ಚಿತು. ಇಲ್ಲಿ ಇಂಗ್ಲಿಷ್ ಟೀಚರ್ ಕೆಲಸವಿದೆ ಎಂದಾಗ ಅಮ್ಮ ಕೇಳಿದ್ದಳು: ‘ಸಮುದ್ರ ದಾಟಿ ಹೋದ್ರ ನನ್ನ ಮಣ್ಣಿಗೆ ಯಾರ ಬರ್ತಾರ?’

ಅಮ್ಮನ ಎರಡೂ ಕಣ್ಣಿಗೆ ಪೊರೆ. ವಿಡಿಯೋದಲ್ಲಿ ನನ್ನ ಹಿಂದಿನ ಗೋಡೆ ಯಾವ ಊರಿನದೆಂದು ಅವಳಿಗೆ ಕಾಣದು.

ಜನವರಿ 13

ಆರನೇ ತರಗತಿ. ಸಿಂದಗಿಯಲ್ಲಿ ಇಂಗ್ಲಿಷ್ ಪಾಠವನ್ನೂ ಕನ್ನಡದಲ್ಲೇ ಹೇಳುತ್ತಿದ್ದೆ. ಇಲ್ಲಿ ಆ ಊರುಗೋಲಿಲ್ಲ. ಹುಡುಗಿಯೊಬ್ಬಳು ಎದ್ದು ನಿಂತಳು — ‘ಸರ್, ವೈ ಆರ್ ಯು ಆಂಗ್ರಿ?’ ಸಿಟ್ಟು ಬಂದಿರಲಿಲ್ಲ. ನಮ್ಮ ಕಡೆ ಮಾತೇ ಹಾಗೆ. ಐ ಆಮ್ ನಾಟ್ ಆಂಗ್ರಿ ಅಂದೆ. ಅದು ಇನ್ನೂ ಜೋರಾಯಿತು. ಕುಳಿತುಬಿಟ್ಟಳು.

ಅಮ್ಮ ಕಟ್ಟಿಕೊಟ್ಟ ಕಡಕ್ ರೊಟ್ಟಿ ಮೆತ್ತಗಾಗಿ ಬೂಸ್ಟು ಹಿಡಿದಿವೆ. ಅವಳ ತಪ್ಪಿಲ್ಲ. ಧಾರವಾಡಕ್ಕೆಂದು ಮಾಡಿದ್ದು.

ಜನವರಿ 16, ಶುಕ್ರವಾರ

‘ಡಾಕ್ಟರು ಕಣ್ಣಿನ ಆಪರೇಷನ್ನಿಗೆ ಬಾ ಅಂದಾರ. ನೀ ಬಂದು ಕೈ ಹಿಡದ್ರ ಹೋಗ್ತೇನಿ. ಇಲ್ಲಾಂದ್ರ ಇಲ್ಲ.’

‘ರಜಾ ಕೊಡವಲ್ರಮ್ಮಾ.’

‘ಯಾಕ, ನಿಮ್ಮ ಸಾಹೇಬಗ ತಾಯಿ ಇಲ್ಲೇನು? ಫೋನ್ ಅವನ ಕೈಯಾಗ ಕೊಡು, ನಾ ಮಾತಾಡ್ತೇನಿ.’

ಮೊದಲ ವರ್ಷ ರಜೆ ಇಲ್ಲ. ತಡಮಾಡಿದರೆ ಕಣ್ಣು ಹೋದೀತು ಎಂದಿದ್ದಾರಂತೆ… ಸಂಜೆಯವರೆಗೂ ದಂಡೆಯಲ್ಲಿ ಕುಳಿತಿದ್ದೆ.

ಜನವರಿ 21

ಇಂಡಿಯಲ್ಲಿ ನಮ್ಮ ಪಕ್ಕದ ಮನೆಯ ಧರೆಪ್ಪ ಮೊನ್ನೆ ಕೋರ್ಟ್ ಕೆಲಸಕ್ಕೆ ಧಾರವಾಡಕ್ಕೆ ಹೊರಟಿದ್ದ. ಅವನ ಕೈಯಲ್ಲಿ ಅಮ್ಮ ನನಗೆಂದು ಹೊಸ ರೊಟ್ಟಿಗಂಟು ಕೊಟ್ಟಳು. ಅಖ್ತರ್ ಓಣಿಯ ತಿರುವಿನಲ್ಲಿ ಅವನನ್ನು ನಿಲ್ಲಿಸಿ ನಿಜ ಹೇಳಿದಳು. ಗಂಟು ಅವನ ಮನೆಯಲ್ಲೇ ಉಳಿಯಿತು. ಮರಳಿ ಬಂದವನು ಅಮ್ಮನೆದುರು ತನ್ನದೂ ಸ್ವಲ್ಪ ಸೇರಿಸಿದ್ದಾನೆ:

‘ಮಾಸ್ತರ ಭೆಟ್ಟಿ ಆದ್ರು. ದಪ್ಪ ಆಗ್ಯಾರ್ರಿ.’

‘ಮತ್ತ ಮನಿಗೆ ಬರಾಕ ಏನ ಧಾಡಿ ಅವಂಗ?’

ಧಾರವಾಡದಲ್ಲಿ ಒಬ್ಬ ಇದ್ದಾನೆ. ದಪ್ಪಗಿದ್ದಾನೆ. ಒಂದು ಬಸ್ಸು ಹತ್ತಿ ತಾಯಿಯ ಬಳಿ ಹೋಗುವುದಿಲ್ಲ. ಅವನನ್ನು ನಾನೂ ಬಯ್ಯುತ್ತೇನೆ.

ಜನವರಿ 27, ಸಂಜೆ

ಅಮ್ಮ ಮುಸ್ಸಂಜೆಯ ಮಗರಿಬ್ ನಮಾಜು ಮುಗಿಸಿ ಮಾತಿಗೆ ಕೂತಿದ್ದಳು. ನಡುವೆ ಇಲ್ಲಿಯ ಮಸೀದಿಯಲ್ಲಿ ಆಜಾನ್ — ಅದೇ ಮಗರಿಬ್‌ನದು. ಇಂಡಿಯಲ್ಲಿ ಸುಮಾರು ಅರ್ಧ ತಾಸು ಮೊದಲೇ ಮುಳುಗಿದ ಹೊತ್ತು ಇಲ್ಲಿ ಆಗಷ್ಟೇ ಮುಳುಗಿತ್ತು. ಧಾರವಾಡದಲ್ಲಿ ಇಷ್ಟು ತಡವಾಗುವುದಿಲ್ಲ. ಕಣ್ಣು ಮಂಜಾದ ಮೇಲೆ ಅವಳು ಹೊತ್ತು ಅರಿಯುವುದೇ ಆಜಾನಿನಿಂದ. ಕಿಟಕಿ ಮುಚ್ಚಿಯೇ ಇತ್ತು. ಸಾಲಲಿಲ್ಲ.

ಆಜಾನ್ ಮುಗಿಯುವವರೆಗೂ ಕೇಳಿದಳು.

‘ಹೋಗಪಾ, ನಮಾಜ ಮಾಡ ಹೋಗು.’

ಫೆಬ್ರವರಿ 5

ಬರೆಯಲಾಗಿರಲಿಲ್ಲ.

ವಿಜಯಪುರದಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ತಾನಾಗಿಯೇ ಎದ್ದು ಹೊರಟಳಂತೆ. ‘ಕೈ ನೀನ ಹಿಡಿ, ಅವನ್ನ ಕಾಯೂದು ಬ್ಯಾಡ’ ಎಂದಳಂತೆ ಸೊಸೆಗೆ.

ಧರೆಪ್ಪ ಮತ್ತೆ ಧಾರವಾಡಕ್ಕೆ ಹೊರಟಿದ್ದ. ಮತ್ತೆ ಗಂಟು. ಈ ಸಲ ಅಮ್ಮ ಅವನಿಗೆ ಹೇಳಿದ್ದು: ‘ಅಲ್ಲಿ ತನಕಾ ಯಾಕ ಹೊರ್ತಿ? ನಿಮ್ಮ ಮನ್ಯಾಗ ತಿನ್ರಿ. ಹ್ವಾದ ಸಲದವು ಚೊಲೋ ಇದ್ದೂವಿಲ್ಲೋ?’

ಧರೆಪ್ಪ ಗಂಟನ್ನು ತನ್ನ ಮನೆಗೇ ಒಯ್ದನಂತೆ.

ಫೆಬ್ರವರಿ 6

ಪಟ್ಟಿ ಬಿಚ್ಚಿದ್ದಾರೆ. ವಿಡಿಯೋ ಹಚ್ಚಲೇನು ಎಂದಳು ಅಖ್ತರ್. ಹಿಂದಿನಿಂದ ಅಮ್ಮನ ದನಿ — ‘ವಿಡಿಯೋ ಬ್ಯಾಡ. ಮಾತ ಸಾಕು.’

‘ಚಂದಗೆ ಕಾಣಸ್ತೈತೇನಮ್ಮಾ?’

‘ಎಲ್ಲಾ ಕಾಣಸ್ತೈತಿ. ಧಾರವಾಡದಾಗ ಥಂಡಿ ಭಾಳ ಐತೇನು?’

ಬೆವರು ಒರೆಸಿಕೊಂಡೆ. ಐತಿ ಅಂದೆ. ಕಿವಿಗೆ ಬಟ್ಟಿ ಕಟ್ಕೋ ಅಂದಳು.

ಅಮ್ಮಾ, ಆ ಧಾರವಾಡವನ್ನು ಇನ್ನು ನಾವಿಬ್ಬರೂ ಯಾರಿಗಾಗಿ ಕಾಯ್ದಿಡುತ್ತಿದ್ದೇವೆ?