ಧೂಳಲ್ಲದ ಚುಕ್ಕಿ

ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು
ಅಕ್ಟೋಬರ್ ೧೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಐವತ್ತೆರಡು ತುಂಬಿದವಳನ್ನು ಇನ್ನೂ ಪುಟ್ಟಿ ಅನ್ನುತ್ತಾಳಲ್ಲ ಎಂದು ಮೂಗು ಮುರಿಯಬೇಡ. ನಿನಗೆ ಎಪ್ಪತ್ತಾದರೂ ನಾನು ಆರು ವರ್ಷ ದೊಡ್ಡವಳೇ. ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತದೆಯೆಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ನೀನಂತೂ ಬಾಯಿ ಬಿಡುವವಳಲ್ಲ. ನಿನ್ನವರಿಗೆ ಸಕ್ಕರೆ ಎಷ್ಟಿದೆ? ಕದ್ದು ತಿನ್ನುವುದು ನಿಂತಿದೆಯೋ, ಇಲ್ಲ ನೀನು ಡಬ್ಬಿ ಬಚ್ಚಿಡುವುದು ನಿಂತಿದೆಯೋ?

ನಾನು ಗಟ್ಟಿಯಾಗಿದ್ದೇನೆ. ಅಪ್ಪನ ಊಟ, ನಿದ್ದೆ, ರಕ್ತದೊತ್ತಡ ಎಲ್ಲ ಸರಿಯಿದೆ. ಕಣ್ಣು ಮಾತ್ರ ಸರಿಯಿಲ್ಲ. ನೋಟದ ನಟ್ಟನಡುವೆ ಮಂಜು ಕಟ್ಟುತ್ತಾ ಹೋಗುವ ಕಾಯಿಲೆಯಂತೆ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲವಂತೆ. ಎಡಗಣ್ಣು ಹೋಯಿತೆಂದೇ ಲೆಕ್ಕ. ಬಲಗಣ್ಣಿಗೆ ಈ ವರ್ಷ ಮುಗಿಯುವವರೆಗೂ ಮುಖ ಗುರುತು ಹತ್ತಿದರೆ ಅದೇ ದೊಡ್ಡದು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಇದನ್ನು ನಿನಗೆ ಫೋನಿನಲ್ಲಿ ಹೇಳಲು ಎರಡು ಸಲ ಪ್ರಯತ್ನಿಸಿದೆ. ಅಪ್ಪ ಎಂಬ ಶಬ್ದ ಬಂದ ಕೂಡಲೇ ನೀನು ಕುಕ್ಕರ್ ಕೂಗ್ತಿದೆ ಅನ್ನುತ್ತೀಯ. ನಿಮ್ಮ ಮನೆಯ ಕುಕ್ಕರ್ ಮಧ್ಯಾಹ್ನ ನಾಲ್ಕು ಗಂಟೆಗೂ ಕೂಗುತ್ತದೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಈ ಪತ್ರ. ಇದರ ಮಧ್ಯೆ ಯಾವ ಕುಕ್ಕರೂ ಕೂಗುವುದಿಲ್ಲ.

ನಾಲ್ಕು ವರ್ಷವಾಯಿತು ನೀನು ಈ ಮೆಟ್ಟಿಲು ಹತ್ತಿ. ಅಮ್ಮ ಹೋಗಿ ಹದಿನೈದು ದಿನವಾಗಿತ್ತು, ಇದೇ ಮೇಜಿನ ಮೇಲೆ ಆಲ್ಬಮ್ ಹರಡಿಕೊಂಡು ಕೂತಿದ್ದೆವು. ನಾನು ತೊಟ್ಟಿಲಲ್ಲಿ, ನಾನು ಟಬ್ಬಿನಲ್ಲಿ, ನಾನು ದೊಡ್ಡಪ್ಪನ ಹೆಗಲ ಮೇಲೆ, ಪುಟ ತಿರುಗಿಸಿದಷ್ಟೂ ನಾನೇ. ನಿನ್ನದು ಶುರುವಾಗುವುದೇ ಶಾಲೆಗೆ ಸೇರಿದ ಮೇಲೆ. ಅಪ್ಪ ಎಂದಿನಂತೆ, "ಫಿಲ್ಮ್ ಹಾಳಾಯ್ತು ಮಗಾ, ನನ್ನ ಕೈ ತಪ್ಪು" ಎಂದರು. ಆ ದಿನ ನೀನು ಅದನ್ನು ಅಷ್ಟಕ್ಕೇ ಬಿಡಲಿಲ್ಲ. "ಅಕ್ಕಂದು ಐದು ರೋಲ್ ಚೆನ್ನಾಗಿ ಬಂತು, ನಂದೇ ಹಾಳಾಯ್ತಾ? ಎರಡನೇದೂ ಹೆಣ್ಣು ಅಂತ ಫಿಲ್ಮ್ ದಂಡ ಮಾಡೋಕೆ ಮನಸ್ಸು ಬರ್ಲಿಲ್ಲ ಅಂತ ನೇರವಾಗಿ ಹೇಳಿ" ಎಂದೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಆಗ ನನ್ನ ಮುಖ ಬೇಕಾಗಿರ್ಲಿಲ್ಲ, ಈಗ್ಯಾಕೆ ನೋಡ್ಬೇಕು?" ಎಂದೆ. ನಾನು ನಿನಗೆ ಅತಿ ಮಾಡಬೇಡ ಎಂದು ಗದರಿದೆ. ಅಪ್ಪ ಆಲ್ಬಮ್ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

ಈಗ ಸುದ್ದಿಗೆ ಬರುತ್ತೇನೆ. ಜೂನ್‌ನಲ್ಲಿ ನಿವೃತ್ತಳಾದೆನಲ್ಲ, ಮೂವತ್ತೊಂದು ವರ್ಷ ಹಲ್ಲಿನ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಊರಿನವರ ದವಡೆ ನೋಡಿದವಳಿಗೆ ಮನೆಯಲ್ಲಿ ಕೈ ಕಟ್ಟಿ ಕೂರಲು ಬರಲಿಲ್ಲ. ಅಟ್ಟಣಿಗೆ ಖಾಲಿ ಮಾಡಲು ಹತ್ತಿದೆ. ಅಲ್ಲೊಂದು ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಅಪ್ಪನ ನೆಗೆಟಿವ್‌ಗಳು, ಆರಾರು ಚಿತ್ರದ ತುಂಡುಗಳಾಗಿ, ತೆಳುಕಾಗದದಲ್ಲಿ ಸುತ್ತಿದ್ದು. ಐದು ರೋಲ್ ಒಂದು ಕಟ್ಟಿನಲ್ಲಿದ್ದವು. ಇನ್ನೆರಡು ರೋಲ್ ಬೇರೆಯಾಗಿ ಒಂದು ಕಂದು ಲಕೋಟೆಯಲ್ಲಿದ್ದವು, ಅದರ ಮೇಲೆ ಸ್ಟುಡಿಯೋದವನು ಪೆನ್ಸಿಲ್ಲಿನಲ್ಲಿ 'ಏನೂ ಬಂದಿಲ್ಲ' ಎಂದು ಗೀಚಿದ್ದ. ಎಲ್ಲದರ ಅಡಿಯಲ್ಲಿ ಅಂಗೈಯಗಲದ ಒಂದು ನೋಟ್‌ಬುಕ್ಕು. ಯಾವ ರೋಲ್ ಯಾವತ್ತು ಹಾಕಿದ್ದು, ಯಾವತ್ತು ಮುಗಿದದ್ದು, ಯಾವ ಚಿತ್ರಕ್ಕೆ ಎಷ್ಟು ಬೆಳಕು, ಎಲ್ಲ ಅಪ್ಪನ ಇರುವೆ ಸಾಲಿನಂಥ ಅಕ್ಷರದಲ್ಲಿ.

ಕಂದು ಲಕೋಟೆಯದನ್ನು ಕಿಟಕಿಗೆ ಹಿಡಿದು ನೋಡಿದೆ. ಬಹುಮಟ್ಟಿಗೆ ಬರೀ ಪಾರದರ್ಶಕ ಪಟ್ಟಿ. ಬೇರೆಯವರಾಗಿದ್ದರೆ ಕಸದ ಬುಟ್ಟಿಗೆ ಹಾಕುತ್ತಿದ್ದರು. ಆದರೆ ಬೆಳಕು ಕಡಿಮೆ ಬಿದ್ದ ಫಿಲ್ಮನ್ನು ಓರೆ ಮಾಡಿ ಕಪ್ಪು ಬಟ್ಟೆಯೆದುರು ಹಿಡಿದರೆ ಬೂದಿಯ ಗುರುತಿನ ಹಾಗೆ ಏನೋ ಕಾಣುತ್ತದೆಂದು ನನಗೆ ಗೊತ್ತು. ಕಂಡಿತು. ಯಾರದೋ ತೋಳು, ಒಂದು ಗುಂಡಗಿನ ತಲೆ. ಅಂದೇ ಹಠ ಹಿಡಿಯಿತು.

ಬಾಗಿಲು ಹಾಕಿಕೊಳ್ಳುತ್ತಿದ್ದ ಒಂದು ಸ್ಟುಡಿಯೋದಿಂದ ಮುಚ್ಚಳದಲ್ಲೂ ದೀಪವಿರುವ ಸ್ಕ್ಯಾನರ್ ತಂದೆ. ಫಿಲ್ಮಿಗೆ ಆ ದೀಪ ಬೇಕು, ಕಾಗದಪತ್ರ ಸ್ಕ್ಯಾನ್ ಮಾಡುವ ಯಂತ್ರದಲ್ಲಿ ಬರೀ ಕತ್ತಲೆ ಬರುತ್ತದೆ. ಮೊದಲ ವಾರ ನನ್ನ ಜಂಬವೆಲ್ಲ ಇಳಿಯಿತು. ಐವತ್ತು ವರ್ಷ ಸುರುಳಿಯಾಗಿದ್ದ ಫಿಲ್ಮ್ ಚಪ್ಪಟೆ ಮಲಗಲು ಒಪ್ಪಲಿಲ್ಲ, ಮಧ್ಯದಲ್ಲಿ ಹೊಟ್ಟೆ ಉಬ್ಬಿಸಿಕೊಂಡಿತು, ಚಿತ್ರದ ಅಂಚು ಸ್ಪಷ್ಟ, ನಡುವೆ ಮಸುಕು. ಹತ್ತು ದಿನ ದಪ್ಪ ಪುಸ್ತಕಗಳ ಕೆಳಗೆ ಒತ್ತಿಟ್ಟೆ. ಆಮೇಲೆ ಧೂಳು. ಮನೆಯಲ್ಲಿ ಇಷ್ಟು ಧೂಳಿದೆಯೆಂದು ಗೊತ್ತಾಗಲು ಫಿಲ್ಮ್ ಸ್ಕ್ಯಾನ್ ಮಾಡಬೇಕು, ಪುಟ್ಟಿ! ಕಡೆಗೆ ಬಚ್ಚಲುಮನೆಯೇ ಗತಿಯಾಯಿತು. ಬಿಸಿನೀರು ಬಿಟ್ಟು ಹಬೆ ತುಂಬಿಸಿ, ಆ ಹಬೆಯ ಜೊತೆ ಧೂಳು ಕೆಳಗಿಳಿಯುವವರೆಗೆ ಕಾದು, ಫಿಲ್ಮನ್ನು ಅಲ್ಲೇ ಹಗ್ಗಕ್ಕೆ ತೂಗುಹಾಕಿ, ರಬ್ಬರ್ ಪಂಪಿನಲ್ಲಿ ಗಾಳಿ ಊದಿ, ಹತ್ತಿಯ ಕೈಗವಸು ಹಾಕಿ ಚೌಕಟ್ಟಿಗೆ ಸೇರಿಸಬೇಕು. ಅಪ್ಪ ಸ್ನಾನಕ್ಕೆ ಟವೆಲ್ ಹಿಡಿದು ಹೊರಗೆ ನಿಂತು, "ಒಳಗೆ ಯಾರಿದ್ದಾರೆ, ನೀನೋ ಫಿಲ್ಮೋ?" ಎಂದು ಕೇಳುವುದು ದಿನಚರಿಯಾಯಿತು.

ಯಂತ್ರದಲ್ಲಿ ಎಲ್ಲವನ್ನೂ ತಾನೇ ಸರಿಮಾಡುವ ಒಂದು ಸೌಕರ್ಯವಿದೆ. ಅದನ್ನು ನಂಬಿದರೆ ಕೆಟ್ಟೆವು. ತೆಳ್ಳಗಿನ ನೆಗೆಟಿವ್ ಕಂಡ ಕೂಡಲೇ ಅದು ಗಾಬರಿಬಿದ್ದು ಬಿಳಿಯನ್ನು ಸುಣ್ಣ, ಕಪ್ಪನ್ನು ಮಸಿ ಮಾಡಿಬಿಡುತ್ತದೆ. ನಾನು ಅದನ್ನು ನಿಲ್ಲಿಸಿ, ಇದ್ದಷ್ಟು ಬೂದುಬಣ್ಣವನ್ನು ಇದ್ದ ಹಾಗೆಯೇ ತೆಗೆದುಕೊಂಡೆ. ಆಮೇಲೆ ಕಂಪ್ಯೂಟರಿನಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬೆಳಕು ಎತ್ತಿದೆ. ಒಂದು ಚಿತ್ರಕ್ಕೆ ಅರ್ಧ ದಿನ ಹಿಡಿಯಿತು. ಕಾಳುಕಾಳಾಗಿ ಒಂದು ಮಗು ಮೇಲೆ ಬಂತು. ನಿಜ ಹೇಳಲೇ? ಅದು ನಾನೇ ಎಂದುಕೊಂಡೆ. ಈ ಮನೆಯಲ್ಲಿ ಫೋಟೋ ಎಂದರೆ ನಾನು ಎಂದು ಅಷ್ಟು ಅಭ್ಯಾಸವಾಗಿಬಿಟ್ಟಿತ್ತು.

ಆ ಮಗುವಿನ ಕೆಳತುಟಿಯ ಅಡಿಯಲ್ಲಿ, ಎಡಕ್ಕೆ, ಒಂದು ಚುಕ್ಕಿಯಿತ್ತು. ಧೂಳೆಂದು ಒರೆಸಿ ಹಾಕಿದೆ. ಕಂಪ್ಯೂಟರಿನಲ್ಲಿ ಒಂದು ಚುಕ್ಕಿ ಅಳಿಸಲು ಕ್ಷಣ ಸಾಕು. ಎರಡನೇ ಚಿತ್ರದಲ್ಲಿ ಮತ್ತೆ ಅಲ್ಲೇ. ಅಳಿಸಿದೆ. ಮೂರನೆಯದರಲ್ಲಿ ಮಗು ಆ ಕಡೆ ತಿರುಗಿ ಆಕಳಿಸುತ್ತಿತ್ತು, ಚುಕ್ಕಿಯೂ ಜೊತೆಗೆ ತಿರುಗಿತ್ತು. ಕೈ ಅಲ್ಲೇ ನಿಂತಿತು. ಧೂಳು ಮುಖದ ಜೊತೆ ತಿರುಗುವುದಿಲ್ಲ. ಅದಕ್ಕಿಂತ ನಾಚಿಕೆಗೇಡಿನ ಮಾತೆಂದರೆ, ನೆಗೆಟಿವ್ ಮೇಲಿನ ಧೂಳು ಚಿತ್ರದಲ್ಲಿ ಬಿಳಿ ಚುಕ್ಕಿಯಾಗಿ ಬರುತ್ತದೆ, ಇದು ಕಪ್ಪಾಗಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ, ನಾನೇ ಮರೆತೆ. ಅದು ನಿನ್ನ ಮಚ್ಚೆ, ಪುಟ್ಟಿ. ಅಮ್ಮ ನಿನ್ನ ಮುಖ ಒರೆಸುವಾಗಲೆಲ್ಲ ಇದೊಂದು ಹೋಗಲ್ಲಪ್ಪ ಎಂದು ನಗಿಸುತ್ತಿದ್ದಳಲ್ಲ, ಅದೇ ಮಚ್ಚೆ. ಅಳಿಸಿದ ಎರಡನ್ನೂ ಮೊದಲಿನಿಂದ ಮತ್ತೆ ಸ್ಕ್ಯಾನ್ ಮಾಡಿದೆ. ಕಣ್ಣು ಹನಿಗೂಡುತ್ತಿತ್ತು, ಕೈಗವಸಿನಿಂದ ಒರೆಸಿಕೊಳ್ಳುವ ಹಾಗಿರಲಿಲ್ಲ.

ಎರಡು ರೋಲ್‌ನಲ್ಲಿ ಎಪ್ಪತ್ತೆರಡು ಚಿತ್ರ, ನಲವತ್ತೊಂದು ಉಳಿದುಬಂದಿವೆ. ನಲವತ್ತೊಂದರಲ್ಲೂ ನೀನು. ಬಕೆಟ್ಟಿನ ಪಕ್ಕ ನೀನು, ಅಪ್ಪನ ಚಪ್ಪಲಿ ಬಾಯಿಗಿಟ್ಟುಕೊಂಡು ನೀನು, ಅಮ್ಮನ ಹೆರಳು ಜಗ್ಗುತ್ತಾ ನೀನು, ನಿದ್ದೆ ಹೋದ ನಿನ್ನ ಅಂಗಾಲು ಮಾತ್ರ ನಾಲ್ಕು ಸಲ. ಅಂಗಾಲಿಗೆ ನಾಲ್ಕು ಫೋಟೋ! ಆರು ವರ್ಷಕ್ಕೆ ನನಗೆ ಐದು ರೋಲ್, ಎಂಟು ತಿಂಗಳಿಗೆ ನಿನಗೆ ಎರಡು. ದಂಡ ಮಾಡಲು ಮನಸ್ಸು ಬಂದಿತ್ತೋ ಇಲ್ಲವೋ ನೀನೇ ಹೇಳು. ನಾನು ಇರುವುದು ಎರಡರಲ್ಲಿ ಮಾತ್ರ. ಒಂದರಲ್ಲಿ ಅರ್ಧ ಲಂಗ, ಇನ್ನೊಂದರಲ್ಲಿ ಬಾಗಿಲ ಸಂದಿಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದೇನೆ.

ಅಪ್ಪನನ್ನು ಕರೆದು ತೋರಿಸಿದೆ, ಪರದೆ ತುಂಬ ದೊಡ್ಡದು ಮಾಡಿ. ನೇರ ನೋಡಿದರೆ ಅವರಿಗೆ ಮಂಜಷ್ಟೇ, ಅದಕ್ಕೆ ತಲೆ ಓರೆ ಮಾಡಿ ಬಲಗಣ್ಣಿನ ಅಂಚಿನಿಂದ ನೋಡುತ್ತಾರೆ. ಬಹಳ ಹೊತ್ತು ನೋಡಿದರು. "ಬಂತಾ?" ಎಂದು ಕೇಳಿದರು, ಎದುರಿಗೇ ಇದ್ದರೂ. ಆಮೇಲೆ, "ಬೇಕು ಅಂದ್ರೆ ಬರೋದೇ ಇಲ್ಲ ಇವ್ಳು, ಆಕಳಿಸೋವರೆಗೂ ಕಾದು ತೆಗೆದಿದ್ದೆ" ಎಂದರು. ಅದು ಫೋಟೋದ ಮಗುವಿನ ವಿಷಯವೋ ನಿನ್ನ ವಿಷಯವೋ ನಾನು ಕೇಳಲಿಲ್ಲ. ದಿನಾ ಬೆಳಿಗ್ಗೆ ಈಗ ಅದೊಂದನ್ನು ತೆರೆದು ತೋರಿಸಬೇಕು. ಕಳೆದ ವಾರ ಮಚ್ಚೆ ಎಲ್ಲಿ ಎಂದು ಬೆರಳಿಟ್ಟು ತೋರಿಸಿದರು. ಮೊನ್ನೆ ಬೆರಳು ಕೆನ್ನೆಯ ಮೇಲೆ ಬಿತ್ತು.

ಫಿಲ್ಮ್ ಏಕೆ ಹಾಳಾಯಿತೆಂದು ನೀನು ಕೇಳಿಯೇ ಕೇಳುತ್ತೀಯ. ಕ್ಯಾಮೆರಾ ದೊಡ್ಡಪ್ಪನದು, ಅವರು ದೂರದ ಕೆಲಸಕ್ಕೆ ಹೋಗುವಾಗ ಅಪ್ಪನ ಕೈಗಿಟ್ಟು ಹೋಗಿದ್ದರು. ಅದರ ತಲೆಯ ಮೇಲೆ ಒಂದು ತಿರುಗುಗುಂಡಿ. ಒಳಗಿನ ಫಿಲ್ಮ್ ಬೆಳಕಿಗೆ ಎಷ್ಟು ಚುರುಕೆಂದು ಅದರಲ್ಲಿ ಇಡಬೇಕು, ಚುರುಕು ಹೆಚ್ಚೆಂದು ಇಟ್ಟಷ್ಟೂ ಕ್ಯಾಮೆರಾ ಕಡಿಮೆ ಬೆಳಕು ಬಿಡುತ್ತದೆ. ಅಪ್ಪ ಯಾವಾಗಲೂ ಹಾಕುತ್ತಿದ್ದುದು ನೂರರ ಫಿಲ್ಮ್, ಗುಂಡಿಯನ್ನು ಒಮ್ಮೆ ನೂರಕ್ಕಿಟ್ಟ ಮೇಲೆ ಮತ್ತೆ ನೋಡಿದವರಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿದ್ದಾರೆ: 'ಕ್ಯಾಮೆರಾ ಅಣ್ಣನಿಗೆ ವಾಪಸು. ಒರೆಸುವಾಗ ನೋಡಿದೆ, ಗುಂಡಿ ಎಂಟುನೂರರಲ್ಲಿತ್ತು.' ಅಷ್ಟಾದರೆ ಬೇಕಾದ ಬೆಳಕಿನ ಎಂಟರಲ್ಲೊಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ನಿನಗೆ ಒಂಬತ್ತು ತಿಂಗಳಾದಾಗ ಕ್ಯಾಮೆರಾ ಹೋಯಿತು, ಎರಡೂ ರೋಲ್ ಸ್ಟುಡಿಯೋದಲ್ಲಿ ತೊಳೆಸಿದ್ದು ಆಮೇಲೆ, ಮತ್ತೆ ತೆಗೆಯಲು ದಾರಿಯಿರಲಿಲ್ಲ. ಗುಂಡಿ ಹೇಗೋ ತಿರುಗಿರಬೇಕು. ಹಳೆಯ ಯಂತ್ರ.

ಮೂರು ಪ್ರಿಂಟ್ ಇದರೊಳಗಿಟ್ಟಿದ್ದೇನೆ. ಮಂಡಿಗೆ ಬಿಸಿಶಾಖ ಬಿಡಬೇಡ. ನಿನ್ನ ಮಗಳಿಗೆ ನನ್ನ ಮುತ್ತು, ನಿನ್ನವರಿಗೆ ನನ್ನ ನಮಸ್ಕಾರ. ಅಪ್ಪ ತಾವು ಹೇಳಿದ್ದೆಂದು ಬರೆಯಬೇಡ ಎಂದು ಹೇಳಿ ಆಶೀರ್ವಾದ ಕಳಿಸಿದ್ದಾರೆ, ಅದಕ್ಕೇ ಅವರೇ ಹೇಳಿದರೆಂದು ಬರೆಯುತ್ತಿದ್ದೇನೆ. ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ನಿನಗಿರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತಿಲ್ಲ, ಸುಳ್ಳು. ನಿನ್ನೆ ಲಕೋಟೆ ಅಂಟಿಸಿದ್ದೆ, ಇವತ್ತು ಸೋಮವಾರ ಮತ್ತೆ ಹರಿದೆ. ಅಂಚೆಯವರು ಡಬ್ಬಿ ತೆರೆಯಲು ಹತ್ತು ನಿಮಿಷವಿದೆ, ಬೇಗ ಬರೆಯುತ್ತೇನೆ. ಗುಂಡಿ ತಾನಾಗಿ ತಿರುಗಲಿಲ್ಲ. ನಾನು ತಿರುಗಿಸಿದೆ. ನೀನು ಹುಟ್ಟಿದ ತಿಂಗಳು, ಅಪ್ಪ ನಿನ್ನ ಕಡೆಗೇ ಕ್ಯಾಮೆರಾ ಹಿಡಿದಿದ್ದರು, ನಂದೂ ತೆಗಿ ಎಂದೆ, ಇರು ಮಗಾ ಎಂದರು. ಅವರು ಕೈತೊಳೆಯಲು ಹೋದಾಗ ಗುಂಡಿಯನ್ನು ಎಷ್ಟು ತಿರುಗುತ್ತದೋ ಅಷ್ಟು ತಿರುಗಿಸಿದೆ. ನಿನ್ನದು ಬರಬಾರದು ಎಂದೇ. ಹೊಟ್ಟೆಕಿಚ್ಚು. ಆಮೇಲೆ ಮರೆತೆ, ಮರೆಯಲು ಅನುಕೂಲವಾಗಿತ್ತು. ನೋಟ್‌ಬುಕ್ಕಿನ ಆ ಪುಟದಲ್ಲಿ ಅಪ್ಪ ಬರೆದ ಮುಂದಿನ ಸಾಲು ನಿನಗೆ ಬರೆಯಲಿಲ್ಲ: 'ದೊಡ್ಡವಳ ಕೆಲಸ. ಕೇಳಬಾರದು. ಆರು ವರ್ಷದ ಮಗು, ಜೀವನವಿಡೀ ಹೊತ್ತುಕೊಂಡಾಳು. ಚಿಕ್ಕವಳು ಕೇಳಿದರೆ ನನ್ನ ಕೈ ತಪ್ಪು ಎನ್ನುವುದು.' ಆ ದಿನ ನೀನು ಅವರನ್ನು ಬೈದಾಗಲೂ ಅವರು ನನ್ನ ಕಡೆ ನೋಡಲಿಲ್ಲ, ಪುಟ್ಟಿ. ನೋಡಿದ್ದರೆ ನನಗೆ ನೆನಪಾಗುತ್ತಿತ್ತು. ನಿನ್ನ ಸಿಟ್ಟು ನನಗೆ ಸೇರಬೇಕಾದದ್ದು, ಬಂದು ನನಗೇ ಕೊಡು. ನನ್ನ ಮುಖ ಬೇಡವಾದರೆ ನೀನಿರುವಷ್ಟು ದಿನ ಪಕ್ಕದ ಮನೆಯಲ್ಲಿರುತ್ತೇನೆ. ಬಾ. ಎದುರಿಗೆ ಕೂರಬೇಡ, ಅಲ್ಲಿ ಅವರಿಗೆ ಕಾಣುವುದಿಲ್ಲ. ಬಲಗಡೆ, ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂರು.