ಮೀನು ತಿನ್ನುವವರಿಗೆ ಥೈರಾಯ್ಡ್ ಬರುವುದಿಲ್ಲವಂತೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಬಸುರಿಯರಿಗೆ ಮೊದಲ ತಪಾಸಣೆಯಲ್ಲೇ ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದು ನಮ್ಮ ಸ್ವಸಹಾಯ ಸಂಘದಿಂದ ತಮಗೆ ಅರ್ಜಿ ಕೊಟ್ಟಿದ್ದೆವು. ಒಂದೇ ಸಾಲಿನ ಉತ್ತರ ಬಂತು: ‘ಕಡಲತೀರದ ನಿವಾಸಿಗಳು ಸಮುದ್ರದ ಮೀನು ಸೇವಿಸುವುದರಿಂದ ಅಯೋಡಿನ್ ಕೊರತೆಯ ಪ್ರಶ್ನೆ ಉದ್ಭವಿಸುವುದಿಲ್ಲ.’ ಉದ್ಭವಿಸಿದೆ ಸ್ವಾಮಿ, ನಮ್ಮ ಮನೆಯಲ್ಲೇ ಉದ್ಭವಿಸಿದೆ. ತಮ್ಮ ಕಡತದಲ್ಲಿ ಮತ್ತೆ ಮುಚ್ಚಿಹೋಗದಿರಲಿ ಎಂದು ಈ ಸಲ ಪತ್ರಿಕೆಗೇ ಬರೆಯುತ್ತಿದ್ದೇನೆ.

ನಾನು ಮೀನು ಒಣಗಿಸಿ ಒಳನಾಡಿನ ವಂಡ್ಸೆ ಪೇಟೆಯವರೆಗೂ ಹೊತ್ತು ಮಾರುವವಳು. ನಮ್ಮಂಥವರ ಮನೆಯಲ್ಲಿ ಎರಡು ಉಪ್ಪು ಇರುತ್ತದೆ. ಒಂದು, ಮೀನಿಗೆ ಹಾಕಲು ತರುವ ಮೂಟೆಯ ಕಲ್ಲುಪ್ಪು. ಅದರಲ್ಲಿ ಅಯೋಡಿನ್ ಇಲ್ಲ. ಇನ್ನೊಂದು, ಅಂಗಡಿಯ ಪೊಟ್ಟಣದ ಪುಡಿಯುಪ್ಪು. ಪುಡಿಯುಪ್ಪಿನಲ್ಲಿ ಸಾರಿಗೆ ರುಚಿ ಬರುವುದಿಲ್ಲ ಎಂದು ನನ್ನ ಅತ್ತೆ ಹೇಳಿದ್ದರು, ನಾನು ಸೊಸೆ ರಮಿತಾಳಿಗೆ ಹೇಳಿದೆ. ಹಾಗಾಗಿ ಕಲ್ಲುಪ್ಪು ಸಾರಿಗೆ, ಗಂಜಿಗೆ, ಉಪ್ಪಿನಕಾಯಿಗೆ. ಪುಡಿಯುಪ್ಪನ್ನು ಮೀನಿನ ಲೋಳೆ ಹೋಗಲೆಂದು ತಿಕ್ಕಿ ತೊಳೆಯಲು ಇಟ್ಟುಕೊಂಡೆವು. ಸರ್ಕಾರ ಕಷ್ಟಪಟ್ಟು ಬೆರೆಸಿದ ಅಯೋಡಿನ್ ವರ್ಷಗಟ್ಟಲೆ ನಮ್ಮ ಹಿತ್ತಲಿನ ಚರಂಡಿ ಸೇರಿತು. ನಗು ಬರುತ್ತದೆಯೇ? ನಗಿ. ಆದರೆ ತಮ್ಮವರು ಒಬ್ಬರಾದರೂ ಒಂದು ದಿನ ಬಂದು ನಮ್ಮ ಉಪ್ಪಿನ ಭರಣಿಯ ಮುಚ್ಚಳ ತೆಗೆದು ನೋಡಿದ್ದಾರೆಯೇ?

ಇನ್ನು ಮೀನಿನ ಮಾತು. ಹೋದ ವರ್ಷ ರಮಿತಾ ಬಸುರಿಯಾದಾಗ ಮೀನಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಓಕರಿಕೆ. ನಾಲ್ಕು ತಿಂಗಳು ಅವಳು ಒಂದು ತುಂಡು ಮೀನು ಬಾಯಿಗಿಡಲಿಲ್ಲ. ಗಂಜಿ, ಉಪ್ಪಿನಕಾಯಿ, ಅಷ್ಟೇ. ಕಡಲತೀರದ ಬಸುರಿಗೆ ಓಕರಿಕೆ ಬರಬಾರದು ಎಂದು ತಮ್ಮ ಸುತ್ತೋಲೆಯಲ್ಲಿ ಇದೆಯೇ?

ಅವಳ ಕುತ್ತಿಗೆ ಊದಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೀನು ಸೀಳುತ್ತ ಕೂತಲ್ಲೇ ತೂಕಡಿಸುತ್ತಿದ್ದಳು. ನಾನೇ ಕರೆದುಕೊಂಡು ಹೋಗಿ ಆರೋಗ್ಯ ಕೇಂದ್ರದ ಸಿಸ್ಟರಿಗೆ ತೋರಿಸಿ, ಥೈರಾಯ್ಡ್ ಇರಬಹುದೇ ಎಂದು ಕೇಳಿದೆ. ಅವರು ನಕ್ಕರು.

“ಕಡಲ್ ಬದಿಯರಿಗೆ ಎಂತ ಥೈರಾಯ್ಡ್ ಮಾರಾಯ್ತಿ? ಮೀನ್ ತಿಂತ್ರಿ ಅಲ್ದಾ?”

ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು. ಓದಿದವರು ಹೇಳಿದ ಮೇಲೆ ಮುಗಿಯಿತಲ್ಲ! ಮನೆಗೆ ಬಂದವಳೇ ರಮಿತಾಳಿಗೆ ಬೈದೆ: “ರೋಗ ಎಂತದೂ ಇಲ್ಲೆ, ಸೋಮಾರಿತನ ನಿಂದ್. ನಾನ್ ಹೆರು ದಿನದ್ ವರೆಗೂ ಬುಟ್ಟಿ ಹೊತ್ತಿದ್ದೆ.” ಅವಳು ಎದ್ದು ಬುಟ್ಟಿ ಎತ್ತಿಕೊಂಡಳು. ಐದನೇ ತಿಂಗಳು ಮುಗಿಯುವ ಮೊದಲೇ ಮಗು ಹೊಟ್ಟೆಯಲ್ಲಿ ತೀರಿಕೊಂಡಿತು.

ಆಮೇಲೆ ನೋಡಿದ ದೊಡ್ಡ ಆಸ್ಪತ್ರೆಯ ಡಾಕ್ಟರು ಕುತ್ತಿಗೆ ಮುಟ್ಟಿ, ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ತುಂಬಾ ಕಡಿಮೆ ಎಂದರು. ಮಗು ಹೋದದ್ದು ಅದರಿಂದಲೇ ಎಂದು ಖಂಡಿತವಾಗಿ ಹೇಳಲಾರೆ, ಮೊದಲೇ ಗೊತ್ತಾಗಿದ್ದರೆ ಮಾತ್ರೆ ಕೊಡಬಹುದಿತ್ತು ಎಂದರು. ಆ ‘ಬಹುದಿತ್ತು’ ಎಂಬ ಮಾತು ಕೇಳಿದಂದಿನಿಂದ ನನಗೆ ಊಟ ರುಚಿಸುವುದಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಉಪ್ಪು ಬಡಿಸಿದವಳು ನಾನು, ನೀರು ಕುಡಿದವಳು ಅವಳು.

ರಮಿತಾ ಈಗ ಮತ್ತೆ ಮೂರು ತಿಂಗಳ ಬಸುರಿ. ಅವಳು ಈಗ ನುಂಗುತ್ತಿರುವ ಥೈರಾಯ್ಡ್ ಮಾತ್ರೆಯ ಪ್ರಮಾಣ ಸರಿಯಿದೆಯೇ ಎಂದು ಆಗಾಗ ರಕ್ತ ನೋಡಬೇಕಂತೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಆ ಪರೀಕ್ಷೆ ಇಲ್ಲ, ಏಕೆಂದರೆ ತಮ್ಮ ಪ್ರಕಾರ ಆ ಪ್ರಶ್ನೆಯೇ ಇಲ್ಲ. ಮೊನ್ನೆ ಅವಳು ಮೀನಿನ ಬುಟ್ಟಿಯ ಪಕ್ಕದಲ್ಲಿ ನಿಂತೇ ಇದ್ದಳು. ಕೂತುಕೋ ಎಂದೆ. ಅವಳು ನನ್ನ ಮುಖ ನೋಡಿ ಕೇಳಿದಳು: “ಅತ್ತೆ, ಈ ಸಲ ನಾನ್ ಕೂಕಂಡ್ರೆ ಬೈಬೇಡಿ, ಆಯ್ತಾ?”

ನಾನು ಅವಳ ಕಾಲು ಹಿಡಿದು ತಪ್ಪಾಯಿತು ಎಂದೆ. ತಾವು ಯಾರ ಕಾಲನ್ನೂ ಹಿಡಿಯುವುದು ಬೇಡ. ಆ ಒಂದು ಸಾಲನ್ನು ಹಿಂದಕ್ಕೆ ಪಡೆಯಿರಿ. ನಮ್ಮ ಮನೆಗಳ ಉಪ್ಪನ್ನು ಪರೀಕ್ಷಿಸಲು ಜನ ಕಳಿಸಿ. ಕೇಂದ್ರಕ್ಕೆ ಬರುವ ಪ್ರತಿ ಬಸುರಿಯ ರಕ್ತವನ್ನೂ ನೋಡಿ. ರಮಿತಾಳ ಮುಂದಿನ ತಪಾಸಣೆ ಬರುವ ಗುರುವಾರ. ಅಷ್ಟರೊಳಗೆ ನೋಡಿ.

ಇಂತಿ,
ತನ್ನ ತಪ್ಪು ಒಪ್ಪಿಕೊಂಡು, ತಮ್ಮ ಸರದಿಗೆ ಕಾಯುತ್ತಿರುವ
ಸರೋಜ