ಇವತ್ತು ಫೋನ್ ನನ್ನ ಹತ್ತಿರ

ಅಪ್ಪ,

ಫೋನಿಗಾಗಿ ಮನೆಯೆಲ್ಲ ಜಾಲಾಡಬೇಡ. ಅದನ್ನು ನಾನೇ ಆಫೀಸಿಗೆ ಎತ್ತಿಕೊಂಡು ಹೋಗಿದ್ದೇನೆ. ಸಂಜೆ ಕೊಡುತ್ತೇನೆ. ಕೂಗಾಡಿದರೆ ನಾಳೆ.

ಫ್ಯಾಕ್ಟರಿ ಕೆಲಸ ಬಿಟ್ಟು ಬೀಗ ರಿಪೇರಿ ಶುರು ಮಾಡಿದಾಗ ಏನಂದಿದ್ದೆ? "ಇನ್ಮೇಲೆ ನನಗೆ ನಾನೇ ಯಜಮಾನ ಕಣಮ್ಮ!" ಈಗ ನೋಡಿದರೆ ಬೀಗದ ಕೈ ಕಳೆದುಕೊಂಡವರೆಲ್ಲ ನಿನ್ನ ಯಜಮಾನರು. ನಿನ್ನೆ ತನ್ನ ಹುಟ್ಟುಹಬ್ಬವೆಂದು ಅಮ್ಮ ಹೊಸ ಬಟ್ಟೆ ಹಾಕಿಕೊಂಡು ಊಟಕ್ಕೆ ಕೂತಿದ್ದಳು. ನೀನು ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಫೋನ್ ಬಂತು. "ಈಗ ಬಂದೆ" ಅಂತ ಕೈ ತೊಳೆದು ಎದ್ದೇಬಿಟ್ಟೆ. ಯಾರದೋ ಸೂಟ್‌ಕೇಸ್ ಬೀಗವಂತೆ. ಅವರ ಪ್ರಯಾಣ ಮುಂದಿನ ವಾರವಂತೆ! ಅಮ್ಮ ನಿನ್ನ ತಟ್ಟೆ ಮುಚ್ಚಿಟ್ಟು, ಬಟ್ಟೆ ಬದಲಾಯಿಸಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಇನ್ನು ಮೇಲೆ ಊಟದ ಹೊತ್ತಿನಲ್ಲಿ ಫೋನ್ ಹೊರಗಿನ ಕೋಣೆಯಲ್ಲಿರಲಿ. ವಾರಕ್ಕೊಂದು ದಿನ ರಜೆ. ಯಾರ ಮನೆಯದಾದರೂ ಮಗು ಒಳಗೆ ಸಿಕ್ಕಿಕೊಂಡು ಅಳುತ್ತಿದ್ದರೆ ಮಾತ್ರ ಎದ್ದು ಹೋಗು, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಇವತ್ತು ಅಂಥ ಕರೆ ಬಂದರೆ ಅಮ್ಮನ ಫೋನಿಗೆ ಮಾಡಿ ಹೇಳುತ್ತೇನೆ. ಉಳಿದವರಿಗೆಲ್ಲ "ನಾಳೆ ಬರ್ತಾರೆ" ಅಂದರೆ ಆಯಿತು. ಅವರೇನೂ ಬೀದಿಗೆ ಬೀಳುವುದಿಲ್ಲ.

ರಿಪೇರಿ ಸಾಮಾನಿನ ಡಬ್ಬಿ ಮುಟ್ಟಬೇಡ. ಗಡ್ಡ ಬೋಳಿಸಿಕೋ. ಇಸ್ತ್ರಿ ಮಾಡಿದ ಅಂಗಿ ಕುರ್ಚಿಯ ಮೇಲಿದೆ. ಅಮ್ಮನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗು. ನೀನೇ ಕೇಳು, ಅವಳು ತಾನಾಗಿ ಬಾಯಿ ಬಿಡುವುದಿಲ್ಲ.

ಓದಿದ ಮೇಲೆ ಈ ಚೀಟಿ ಹರಿದು ಹಾಕು. ಇವತ್ತು ನೀನೇ ರಜೆ ಹಾಕಿದ್ದೀಯ, ಫೋನನ್ನೂ ನೀನಾಗಿಯೇ ನನ್ನ ಕೈಗೆ ಕೊಟ್ಟೆ ಅಂತ ಅಮ್ಮನಿಗೆ ಹೇಳಿದ್ದೇನೆ. ಪಾಪ, ಅವಳು ನಂಬಿಯೂ ಬಿಟ್ಟಳು.